ಹೆಸರು ಅಳಿಸಿಹೋದ ಆಲೂಗಡ್ಡೆ ಗಿಡ

ಹೋದ ತಿಂಗಳು ನಮ್ಮ ಕಾಲೇಜಿನ ಪ್ರಾಕ್ಟಿಕಲ್ ತರಗತಿಗೆ ಒಬ್ಬ ವಿದ್ಯಾರ್ಥಿನಿ ಆಲೂಗಡ್ಡೆ ಗಿಡವೊಂದನ್ನು ತಂದಿದ್ದಳು. ಅಡುಗೆಮನೆಯ ಬುಟ್ಟಿಯ ತಳದಲ್ಲಿ ಉಳಿದು ಮೊಳಕೆ ಬಂದಿದ್ದ ಗಡ್ಡೆಯನ್ನು ಹಳೇ ಪೇಂಟ್ ಡಬ್ಬಿಯಲ್ಲಿ ನೆಟ್ಟಿದ್ದಳಂತೆ. "ಮ್ಯಾಮ್, ಎಲೆ ಟೊಮೇಟೊ ಥರಾನೇ ಇದೆ ಅಲ್ವಾ? ಸ್ಮೆಲ್ ನೋಡಿ," ಎಂದು ಒಂದು ಎಲೆ ಕಿತ್ತು ಹೊಸಕಿ ನನ್ನ ಮೂಗಿನ ಹತ್ತಿರ ಹಿಡಿದಳು. ಹಸಿ, ಒಗರು, ಸ್ವಲ್ಪ ಎಣ್ಣೆ ಬೆರೆತಂಥ ವಾಸನೆ. ಒಂದು ಇಡೀ ಮಳೆಗಾಲ ನನ್ನ ಬೆರಳುಗಳಿಗೆ ಅಂಟಿಕೊಂಡಿದ್ದ ವಾಸನೆ ಅದು. ಸೋಪು ಹಾಕಿ ತೊಳೆದರೂ ಹೋಗುತ್ತಿರಲಿಲ್ಲ. ಅನ್ನ ಕಲಸುವಾಗ ಸಾರಿನ ಜೊತೆ ಅದೂ ಬಾಯಿಗೆ ಬರುತ್ತಿತ್ತು. ತರಗತಿಯಲ್ಲಿ ಹೂವಿನ ಭಾಗಗಳ ಬಗ್ಗೆ ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸಿದೆ. ಆದರೆ ಆ ದಿನವೆಲ್ಲ ಬೆಂಗಳೂರಿನ ಅಂಚಿನ ಉಲ್ಲಾಳದಲ್ಲಿ ಕಳೆದ ಆ ವರ್ಷವೇ ತಲೆಯಲ್ಲಿ ಓಡುತ್ತಿತ್ತು.

ಕೊರೊನಾ ಬರುವುದಕ್ಕೆ ಎರಡು ವರ್ಷ ಮುಂಚಿನ ಮಾತು. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಬಸವೇಶ್ವರನಗರದ ಮನೆಯಲ್ಲಿ ಒಂದು ವರ್ಷ ಕೂತಿದ್ದೆ. ಉಲ್ಲಾಳದ ಕಡೆ ಒಂದು ಸಣ್ಣ ಬೀಜ ಸಂಶೋಧನಾ ಕೇಂದ್ರದಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಬೇಕಾಗಿದ್ದಾರೆ ಎಂದು ತಿಳಿದು ಅರ್ಜಿ ಹಾಕಿದೆ. ಮೇ ತಿಂಗಳ ಕೊನೆಗೆ ಸೇರಿಕೊಂಡೆ. ಬಸ್ಸಿನಲ್ಲಿ ನಾಗರಬಾವಿವರೆಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು, ಇಳಿದ ಮೇಲೆ ಹತ್ತು ನಿಮಿಷ ನಡೆಯಬೇಕು. ಸುತ್ತ ಹೊಸ ಮನೆಗಳು ಏಳುತ್ತಿದ್ದವು. ಅವುಗಳ ನಡುವೆ ಎರಡು ಎಕರೆ ಜಾಗ, ಒಂದು ತಾರಸಿ ಕಟ್ಟಡ, ಹಿಂದೆ ಹಸಿರು ಪರದೆ ಹೊದಿಸಿದ ಉದ್ದನೆಯ ನೆಟ್ ಹೌಸು. ಹೊರಗಿನಿಂದ ನೋಡಿದವರು ನರ್ಸರಿ ಅಂದುಕೊಂಡು ಗುಲಾಬಿ ಗಿಡ ಕೇಳಲು ಬರುತ್ತಿದ್ದರು.

ನನ್ನ ಮೇಲಿನವರು ಪಂಕಜಾ ಮೇಡಂ. ನಿವೃತ್ತಿಗೆ ಏಳೆಂಟು ತಿಂಗಳಿತ್ತು. ಇಪ್ಪತ್ತು ವರ್ಷಗಳಿಂದ ಅವರು ಮಾಡಿದ್ದು ಒಂದೇ ಕೆಲಸ: ಕಾಡು ಆಲೂಗಡ್ಡೆಯ ಗುಣವನ್ನು ನಾವು ತಿನ್ನುವ ಆಲೂಗಡ್ಡೆಗೆ ತರುವುದು. ಮೊದಲನೇ ದಿನವೇ ನನ್ನನ್ನು ತಣ್ಣನೆಯ ಕೋಣೆಗೆ ಕರೆದುಕೊಂಡು ಹೋದರು. ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಗಾಜಿನ ನಳಿಗೆಗಳು, ಪ್ರತಿ ನಳಿಗೆಯೊಳಗೆ ಬೆರಳುದ್ದದ ಒಂದು ಗಿಡ. ಒಂದು ಡಬ್ಬಿಯಿಂದ ನೆಲ್ಲಿಕಾಯಿಗಿಂತ ಚಿಕ್ಕದಾದ, ಸುಕ್ಕುಗಟ್ಟಿದ ಗಡ್ಡೆಯೊಂದನ್ನು ತೆಗೆದು ನನ್ನ ಅಂಗೈಯಲ್ಲಿ ಇಟ್ಟರು.

"ಇದೇನು ಹೇಳು?"

"ಗೊತ್ತಾಗ್ತಾ ಇಲ್ಲ ಮೇಡಂ. ಯಾವುದೋ ಗೆಣಸಾ?"

"ಆಲೂಗಡ್ಡೆ ಕಣಮ್ಮ. ಮೆಕ್ಸಿಕೋ ಬೆಟ್ಟದ್ದು. ತಿಂದ್ರೆ ಬಾಯಿ ಕಹಿ, ಹೊಟ್ಟೆ ಕೆಡುತ್ತೆ. ಆದ್ರೆ ಯಾರೂ ನೀರು ಹಾಕದೆ, ಔಷಧಿ ಹೊಡೀದೆ ಸಾವಿರಾರು ವರ್ಷ ಬದುಕಿದೆ. ನಾವು ತಿನ್ನೋ ಆಲೂಗಡ್ಡೆ ಮುದ್ದು ಮಾಡಿ ಬೆಳೆಸಿದ ಮಗು ಇದ್ದಂಗೆ. ಒಂದು ನೆಗಡಿ ಬಂದ್ರೂ ಮಲಗಿಬಿಡುತ್ತೆ. ಇದು ಬೀದೀಲಿ ಬೆಳೆದಿದ್ದು."

ಆ ನೆಗಡಿಯ ಹೆಸರು ಅಂಗಮಾರಿ. ಮೋಡ ಮುಚ್ಚಿ, ಜಡಿಮಳೆ ಹಿಡಿದು, ಎಲೆ ಒಣಗದೆ ನಾಲ್ಕು ದಿನ ಹಾಗೇ ಇದ್ದರೆ ಆಲೂಗಡ್ಡೆ ಹೊಲಕ್ಕೆ ಹೊಲವೇ ಕಪ್ಪಾಗಿ ಕೊಳೆತು ಬೀಳುವ ರೋಗ. ಹಾಸನದ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಕೆಲವು ಕಾಡು ಆಲೂಗಡ್ಡೆಗಳಿಗೆ ಈ ರೋಗ ತಗಲುವುದಿಲ್ಲ. ಹಾಗಾದರೆ ಎರಡನ್ನೂ ಸಂಕರ ಮಾಡಿದರೆ ಆಯಿತಲ್ಲ ಎಂದು ನಾನು ಕೇಳಿದ್ದಕ್ಕೆ ಮೇಡಂ ನಕ್ಕರು. ನಮ್ಮ ಆಲೂಗಡ್ಡೆಯ ಜೀವಕೋಶದಲ್ಲಿ ವರ್ಣತಂತುಗಳ ನಾಲ್ಕು ಕಟ್ಟುಗಳಿದ್ದರೆ ಕಾಡಿನದರಲ್ಲಿ ಬಹುಪಾಲು ಎರಡೇ. ನೇರವಾಗಿ ಪರಾಗ ಹಾಕಿದರೆ ಕಾಯಿ ಉದುರುತ್ತದೆ, ಇಲ್ಲವೇ ಒಳಗೆ ಜೊಳ್ಳು ಬೀಜ. ಎರಡೂ ಕಡೆಗೆ ಒಗ್ಗುವ ಮೂರನೇ ಗಿಡವೊಂದನ್ನು ಹುಡುಕಿ, ಮೊದಲು ಕಾಡಿನದನ್ನು ಅದಕ್ಕೆ ಕೂಡಿಸಿ, ಹುಟ್ಟಿದ್ದನ್ನು ನಮ್ಮದಕ್ಕೆ ಕೂಡಿಸಿ, ಮತ್ತೆ ಮತ್ತೆ ನಮ್ಮದಕ್ಕೇ ಕೂಡಿಸುತ್ತ ಬರಬೇಕು. ಪ್ರತಿ ಸಲವೂ ಕಹಿ ಸ್ವಲ್ಪ ಕಡಿಮೆಯಾಗುತ್ತದೆ, ಗಡ್ಡೆ ಸ್ವಲ್ಪ ದಪ್ಪಗಾಗುತ್ತದೆ. ಆ ಹಾದಿಯಲ್ಲೇ ರೋಗ ತಡೆಯುವ ಗುಣವೂ ಕಳೆದುಹೋಗಬಹುದು. ಉಳಿದಿದೆಯೋ ಇಲ್ಲವೋ ಎಂಬುದು ಗಿಡಕ್ಕೆ ರೋಗ ಅಂಟಿಸಿ ನೋಡಿದರೆ ಮಾತ್ರ ತಿಳಿಯುತ್ತದೆ.

ಆ ವರ್ಷದ ಕೆಲಸ ಅದೇ ಆಗಿತ್ತು. ಬೆಟ್ಟದ ಮೇಲಿನ ತಂಪು ಊರೊಂದರಲ್ಲಿ ಹಿಂದಿನ ವರ್ಷ ಮಾಡಿದ್ದ ಸಂಕರದ ಬೀಜಗಳು ನಾಲ್ಕು ಕಾಗದದ ಲಕೋಟೆಗಳಲ್ಲಿ ಬಂದಿದ್ದವು. ನಾಲ್ಕು ಬೇರೆ ಬೇರೆ ಕಾಡು ಆಲೂಗಡ್ಡೆಗಳಿಂದ ಇಳಿದು ಬಂದ ನಾಲ್ಕು ಮನೆತನಗಳು. ಮೇಡಂ ಅವುಗಳಿಗೆ ಕ, ಖ, ಗ, ಘ ಎಂದು ಹೆಸರಿಟ್ಟಿದ್ದರು. 'ಕ' ಅಂದರೆ ಮೆಕ್ಸಿಕೋದ್ದು, ಮೇಡಂ ಇಪ್ಪತ್ತು ವರ್ಷ ಬೆನ್ನುಹತ್ತಿದ್ದು. 'ಘ' ಬೊಲಿವಿಯಾದ ಒಂದು ಗಿಡದಿಂದ ಬಂದದ್ದು. ಜಾಗ ಇದೆಯಲ್ಲ, ಇರಲಿ ಎಂದು ಸೇರಿಸಿಕೊಂಡದ್ದು. ಒಂದೊಂದರಿಂದ ಇಪ್ಪತ್ತು ಸಸಿ, ಒಟ್ಟು ಎಂಬತ್ತು ಕುಂಡ.

ನೆಟ್ ಹೌಸಿನ ಕೆಲಸಕ್ಕೆ ಇದ್ದವರು ಮಲ್ಲಪ್ಪ. ನಲವತ್ತೈದರ ಆಸುಪಾಸಿನ, ಕಡಿಮೆ ಮಾತಿನ ಮನುಷ್ಯ. ಬೆಳಗಾವಿ ಕಡೆಯ ಹಳ್ಳಿಯವರು. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದವರು, ಇದೇ ಕೇಂದ್ರದ ಕಾಂಪೌಂಡ್ ಕಟ್ಟುತ್ತಿದ್ದಾಗ ಒಣಗುತ್ತಿದ್ದ ಸಸಿಗಳಿಗೆ ತಾವಾಗಿಯೇ ನೀರು ಹಾಕಿದ್ದನ್ನು ಮೇಡಂ ನೋಡಿ ಇಲ್ಲೇ ಉಳಿಸಿಕೊಂಡಿದ್ದರು. ಸುಂಕದಕಟ್ಟೆಯಲ್ಲಿ ಹೆಂಡತಿ ಜೊತೆ ಬಾಡಿಗೆ ಮನೆ. ದಿನಾ ಸೈಕಲ್ಲಿನಲ್ಲಿ ಬರುತ್ತಿದ್ದರು. ಊರಲ್ಲಿ ಅವರ ಅಣ್ಣ ಮಳೆಗಾಲಕ್ಕೆ ಆಲೂಗಡ್ಡೆ ಹಾಕುತ್ತಿದ್ದರು. ಮಲ್ಲಪ್ಪ ಅದನ್ನು ಬಟಾಟಿ ಅನ್ನುತ್ತಿದ್ದರು.

"ನಮ್ಮ ಅಣ್ಣ ವಾರಕ್ಕೊಮ್ಮಿ ಎಣ್ಣಿ ಹೊಡೀತಾನ್ರೀ ಅಕ್ಕಾರ," ಎಂದು ಒಂದು ದಿನ ಊಟದ ಹೊತ್ತಿನಲ್ಲಿ ಹೇಳಿದರು. ಎಣ್ಣೆ ಅಂದರೆ ಅವರ ಕಡೆ ಕ್ರಿಮಿನಾಶಕ, ರೋಗದ ಔಷಧಿ, ಎಲ್ಲವೂ. "ಹೊಡದ ದಿನ ರಾತ್ರಿ ಕಣ್ಣ ಉರಿ ಉರಿ ಅಂತಾನ. ಹೊಡೀಲಿಲ್ಲಂದ್ರ ಬಟಾಟಿ ಉಳಿಯಂಗಿಲ್ಲ. ಈ ನಿಮ್ಮ ಕಾಡು ಬಟಾಟಿ ಎಂದ ಬರ್ತಾವ್ರೀ ನಮ್ಮ ಹೊಲಕ್ಕ?"

ಮೇಡಂ ಉತ್ತರಿಸಿದರು: "ಇನ್ನೂ ಹತ್ತು ವರ್ಷ ಬೇಕು ಮಲ್ಲಪ್ಪ. ಜಾಸ್ತಿನೂ ಆಗಬಹುದು."

"ಅಷ್ಟ ಅಲ್ರೀ," ಎಂದು ಮಲ್ಲಪ್ಪ ರೊಟ್ಟಿ ಮುರಿದರು. ಹತ್ತು ವರ್ಷ ಅವರಿಗೆ ಹೆಚ್ಚು ಅನ್ನಿಸಲಿಲ್ಲ. ನನಗೆ ಹತ್ತು ತಿಂಗಳೇ ಉದ್ದವಾಗಿ ಕಾಣುತ್ತಿದ್ದ ವಯಸ್ಸು.

ಜೂನ್‌ನಲ್ಲಿ ಸಸಿಗಳನ್ನು ಕುಂಡಕ್ಕೆ ಹಾಕಿದೆವು. ಪ್ರತಿ ಕುಂಡಕ್ಕೂ ಒಂದು ಬಿಳಿ ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ಮನೆತನದ ಅಕ್ಷರ ಮತ್ತು ಸಂಖ್ಯೆ. "ಪೆನ್ಸಿಲ್ಲಲ್ಲಿ ಬರಿ," ಎಂದು ಮೇಡಂ ಹೇಳಿದ್ದರು. ಪೆನ್ಸಿಲ್ ಬರಹ ನನಗೆ ಮಬ್ಬಾಗಿ ಕಂಡಿತು. ನನ್ನ ಅಕ್ಷರ ಚೆನ್ನಾಗಿದೆ ಎಂಬ ಜಂಬವೂ ಇತ್ತು. ಅಳಿಸುವುದೇ ಇಲ್ಲ ಎಂದು ಡಬ್ಬಿಯ ಮೇಲೆ ಬರೆದಿದ್ದ ಕಪ್ಪು ಮಾರ್ಕರ್ ತಂದು ಎಂಬತ್ತು ಪಟ್ಟಿಗಳನ್ನೂ ಮುದ್ದಾಗಿ ಬರೆದೆ. ಆಮೇಲೆ ನಾಲ್ಕೂ ಮನೆತನಗಳನ್ನು ಬೇಕೆಂದೇ ಬೆರೆಸಿ ಜೋಡಿಸಿದೆವು. ಒಂದು ಮೂಲೆಗೆ ಗಾಳಿ ಹೆಚ್ಚು, ಇನ್ನೊಂದಕ್ಕೆ ತೇವ ಹೆಚ್ಚು. ಒಂದೇ ಮನೆತನ ಒಂದೇ ಕಡೆ ಕೂತರೆ ಪರೀಕ್ಷೆ ನ್ಯಾಯವಾಗಿ ನಡೆಯುವುದಿಲ್ಲ. ಎಷ್ಟೋ ತಲೆಮಾರು ನಮ್ಮ ಆಲೂಗಡ್ಡೆಗೇ ಕೂಡಿಸಿದ್ದರಿಂದ ಎಲೆ ನೋಡಿ ಗುರುತಿಸುವಂತೆಯೂ ಇರಲಿಲ್ಲ. ಯಾವುದು ಯಾರ ಮಗು ಎಂದು ಹೇಳಲು ಆ ಪಟ್ಟಿ ಬಿಟ್ಟರೆ ಬೇರೆ ಗತಿಯಿಲ್ಲ.

ಆ ವರ್ಷ ಜುಲೈ ಬೆಂಗಳೂರಿನ ಜುಲೈಯಂತೆಯೇ ಇತ್ತು. ಜೋರು ಮಳೆಯಿಲ್ಲ, ಬಿಸಿಲೂ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ತುಂತುರು, ಒಗೆದ ಬಟ್ಟೆ ಎರಡು ದಿನವಾದರೂ ಒಣಗದಂಥ ಮೋಡ. ನಡುವೆ ಒಂದು ವಾರ ಚುರುಕು ಬಿಸಿಲು ಬಂದು ಹೋಯಿತು. ಬಿಸಿಲು ಹೋದ ಮೇಲೆ ಪಟ್ಟಿಗಳ ಅಕ್ಷರ ಕಂದು ಬಣ್ಣಕ್ಕೆ ತಿರುಗಿದ್ದನ್ನು ನೋಡಿದೆ. ಪೆನ್ಸಿಲ್ಲಿನಲ್ಲಿ ಮತ್ತೆ ಬರೆಯಬೇಕು ಅಂದುಕೊಂಡೆ. ಸೋಮವಾರ ಬರೆಯೋಣ ಅಂದುಕೊಂಡೆ. ಆ ಸೋಮವಾರ ನಳಿಗೆಯ ಗಿಡಗಳನ್ನು ಬದಲಿಸುವ ಕೆಲಸ ಬಂತು, ಮುಂದಿನ ಸೋಮವಾರ ಇನ್ನೇನೋ ಬಂತು.

ಮನೆಯಲ್ಲಿ ಅಮ್ಮನಿಗೆ ನನ್ನ ಕೆಲಸ ಕೊನೆಯವರೆಗೂ ಅರ್ಥವಾಗಲಿಲ್ಲ. "ಅಂಗಡೀಲಿ ಇಷ್ಟು ಒಳ್ಳೆ ಆಲೂಗಡ್ಡೆ ಸಿಗುವಾಗ ಕಹಿ ಆಲೂಗಡ್ಡೆ ಯಾಕೆ ಬೇಕೇ ನಿಮಗೆ?" ಎಂದು ದೋಸೆಗೆ ಪಲ್ಯ ಹಚ್ಚುತ್ತ ಕೇಳುತ್ತಿದ್ದಳು. ಕಹಿ ಯಾಕೆ ಬೇಕು ಎಂದು ಹೇಳಲು ಹೋಗಿ ನಾನೇ ತಡವರಿಸುತ್ತಿದ್ದೆ.

ಆಗಸ್ಟ್ ನಡುವಿನಲ್ಲಿ ಹಾಸನದ ಕಡೆಯ ಒಂದು ಹೊಲದಿಂದ ಅಂಗಮಾರಿ ಹತ್ತಿದ ಎಲೆಗಳನ್ನು ತರಿಸಿದರು. ಎಲೆಯ ಅಡಿಯಲ್ಲಿ ಬಿಳಿ ಬೂಷ್ಟು ಬೂದಿ ಉದುರಿಸಿದಂತೆ ಇತ್ತು. ಅದನ್ನು ನೀರಿನಲ್ಲಿ ತೊಳೆದು, ಸೋಸಿ, ಕೈ ಪಂಪಿಗೆ ತುಂಬಿದೆವು. ನೆಟ್ ಹೌಸಿನ ಒಂದು ಬದಿಗೆ ಪ್ಲಾಸ್ಟಿಕ್ ಗುಡಾರ ಕಟ್ಟಿ, ಒದ್ದೆ ಗೋಣಿಚೀಲಗಳನ್ನು ಇಳಿಬಿಟ್ಟು, ಮಲ್ಲಪ್ಪ ಎಂಬತ್ತೂ ಕುಂಡಗಳನ್ನು ಅದರೊಳಗೆ ಸಾಗಿಸಿದರು. ಸಾಲು ಬದಲಾಯಿತು. ಹಳೆಯ ಸಾಲಿನ ನಕ್ಷೆ ನನ್ನ ಪುಸ್ತಕದಲ್ಲಿತ್ತು, ಹೊಸದನ್ನು ಬರೆಯಲಿಲ್ಲ. ಮೂಲೆಯಲ್ಲಿ ಮಾರುಕಟ್ಟೆಯ ಆಲೂಗಡ್ಡೆಯ ನಾಲ್ಕು ಕುಂಡ ಇಟ್ಟೆವು, ರೋಗ ನಿಜವಾಗಿ ಹತ್ತಿದೆಯೇ ಎಂದು ನೋಡಲು. ಸಂಜೆ ನಾಲ್ಕೂವರೆಗೆ ಮೇಡಂ ತಾವೇ ಪಂಪು ಹಿಡಿದು ಒಂದೊಂದೇ ಗಿಡಕ್ಕೆ ಸಿಂಪಡಿಸಿದರು. ಅಷ್ಟು ದಿನ ಸಾಕಿದ ಗಿಡಗಳಿಗೆ ನಾವೇ ರೋಗ ಹಾಕುವುದನ್ನು ನೋಡಿ ಮಲ್ಲಪ್ಪ ಮುಖ ತಿರುಗಿಸಿ ನಿಂತಿದ್ದರು.

ಮೂರನೇ ದಿನ ಮೂಲೆಯ ಕುಂಡಗಳಲ್ಲಿ ಬಿಸಿನೀರು ಬಿದ್ದಂಥ ಕಲೆ ಕಾಣಿಸಿತು. ಐದನೇ ದಿನಕ್ಕೆ ಗುಡಾರದ ಬಾಗಿಲು ಸರಿಸಿದರೆ ಕೊಳೆತ ವಾಸನೆ ಮುಖಕ್ಕೆ ಬಡಿಯುತ್ತಿತ್ತು. ಎಂಟನೇ ದಿನ ಬೆಳಿಗ್ಗೆ ನಾನು ಒಳಗೆ ಹೋದಾಗ ಕಾಂಡಗಳೆಲ್ಲ ಕಪ್ಪಾಗಿ ಕುಂಡದ ಅಂಚಿನ ಮೇಲೆ ಮಡಿಚಿ ಬಿದ್ದಿದ್ದವು. ನಡುವಿನಲ್ಲಿ ಒಂದು ಗಿಡ ಮಾತ್ರ ನೆಟ್ಟಗೆ ನಿಂತಿತ್ತು. ಕೆಳಗಿನ ಎರಡು ಎಲೆಗಳ ಮೇಲೆ ಗುಂಡುಸೂಜಿ ತಲೆಯಷ್ಟು ಕಂದು ಚುಕ್ಕೆಗಳು, ಅಷ್ಟೇ. ರೋಗ ಒಳಗೆ ಹೊಕ್ಕು ಅಲ್ಲೇ ನಿಂತುಹೋಗಿತ್ತು.

ನಾನು ಕೂಗಿದ್ದಕ್ಕೆ ಮಲ್ಲಪ್ಪ ಓಡಿ ಬಂದರು. ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು ಎಲೆಯ ಅಡಿಯನ್ನು ಒಂದೊಂದಾಗಿ ಮಗುಚಿ ನೋಡಿದರು. "ಗಟ್ಟಿ ಐತ್ರೀ ಇದು," ಎಂದರು. ನಾನು ಪಟ್ಟಿ ಎತ್ತಿ ನೋಡಿದೆ. ಪಟ್ಟಿ ಬೆಳ್ಳಗಿತ್ತು. ಬೆಳಕಿಗೆ ಹಿಡಿದೆ, ಓರೆ ಮಾಡಿ ನೋಡಿದೆ. ಒಂದು ಗೆರೆಯೂ ಉಳಿದಿರಲಿಲ್ಲ. ಉಳಿದ ಪಟ್ಟಿಗಳಲ್ಲೂ ಮೂವತ್ತಕ್ಕಿಂತ ಹೆಚ್ಚು ಹಾಗೇ ಖಾಲಿಯಾಗಿದ್ದವು.

ಮೇಡಂ ಆ ದಿನ ಊರಲ್ಲಿರಲಿಲ್ಲ. ಫೋನ್ ಮಾಡಿದೆ. "ಒಂದು ಉಳಿದಿದೆ ಮೇಡಂ," ಎಂದೆ. ಅವರು ಮೆಲ್ಲಗೆ, "ಯಾವುದಮ್ಮ?" ಎಂದರು. ಆ 'ಯಾವುದಮ್ಮ' ಎಂಬ ಮಾತಿನಲ್ಲಿ ಇಪ್ಪತ್ತು ವರ್ಷ ಇತ್ತು. ನನ್ನ ಕೈಯಲ್ಲಿ ಖಾಲಿ ಪಟ್ಟಿ ಇತ್ತು.

"ಕ," ಎಂದೆ. "ಕ ಹದಿನೇಳು."

ಹಳೆಯ ನಕ್ಷೆಯಲ್ಲಿ ಆ ಜಾಗದಲ್ಲಿ ಕ ಹದಿನೇಳು ಇದ್ದಂತೆ ನೆನಪು ಎಂದು ನನಗೆ ನಾನೇ ಆಮೇಲೆ ಹೇಳಿಕೊಂಡೆ. ಅದು ಸುಳ್ಳು. ಅವರಿಗೆ ಯಾವುದು ಬೇಕಿತ್ತೋ ಅದನ್ನು ಹೇಳಿದೆ. ನನ್ನ ತಪ್ಪೂ ಅದರಡಿ ಮುಚ್ಚಿಹೋಯಿತು. ಆ ದಿನವೇ ಹೊಸ ಪಟ್ಟಿ ತೆಗೆದು ಪೆನ್ಸಿಲ್ಲಿನಲ್ಲಿ 'ಕ ೧೭' ಎಂದು ಬರೆದು ಕುಂಡಕ್ಕೆ ಚುಚ್ಚಿದೆ.

ಮಲ್ಲಪ್ಪ ಹಳೆಯ ಪಟ್ಟಿಯನ್ನು ನೆಲದಿಂದ ಎತ್ತಿಕೊಂಡರು. ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದರ ಮ್ಯಾಲ ಏನೂ ಇಲ್ಲಲ್ರೀ ಅಕ್ಕಾರ. ನಿಮಗ ಹ್ಯಾಂಗ ಗೊತ್ತಾತು?"

"ನನ್ನ ಬುಕ್ಕಲ್ಲಿದೆ ಮಲ್ಲಣ್ಣ," ಎಂದೆ. ದನಿ ಬೇಕಾದ್ದಕ್ಕಿಂತ ಗಡುಸಾಗಿತ್ತು.

"ಆತ್ರೀ," ಎಂದು ಅವರು ಪಟ್ಟಿಯನ್ನು ಕಸದ ಬುಟ್ಟಿಗೆ ಹಾಕಿ ಗೋಣಿಚೀಲ ಬಿಚ್ಚಲು ಹೋದರು. ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ಅಂದಿನಿಂದ ಊಟದ ಹೊತ್ತಿಗೆ "ಬರ್ರೀ ಅಕ್ಕಾರ, ಶೇಂಗಾ ಚಟ್ನಿ ಅದ" ಎಂದು ಕರೆಯುವುದು ನಿಂತಿತು.

ಸೆಪ್ಟೆಂಬರ್ ಮೊದಲ ವಾರ ಪ್ರಾಜೆಕ್ಟ್ ನೋಡಲು ಮೂವರು ಹಿರಿಯರು ಬಂದರು. ಕೆಲಸವನ್ನು ಮುಂದುವರಿಸಬೇಕೇ ಬೇಡವೇ ಎಂದು ತೀರ್ಮಾನಿಸುವವರು ಅವರು. ಮೇಡಂ ಆ ದಿನ ಹೊಸ ಇಳಕಲ್ ಸೀರೆ ಉಟ್ಟಿದ್ದರು. ಹಸಿರು ಗಿಡದ ಕುಂಡವನ್ನು ಮೇಜಿನ ಮೇಲೆ ಇಟ್ಟು, ಮೆಕ್ಸಿಕೋದ ಆ ಗಡ್ಡೆಯಿಂದ ಹಿಡಿದು ಪ್ರತಿ ತಲೆಮಾರಿನ ಕಥೆಯನ್ನೂ ಹೇಳಿದರು. ಅಷ್ಟು ಸಲೀಸಾಗಿ, ಅಷ್ಟು ಸಂತೋಷದಿಂದ ಅವರು ಮಾತಾಡಿದ್ದನ್ನು ನಾನು ಕಂಡೇ ಇರಲಿಲ್ಲ. ಬಂದವರಲ್ಲೊಬ್ಬರು ಎದ್ದು ಬಂದು ಎಲೆ ಮುಟ್ಟಿ ನೋಡಿದರು. "ಹಾಗಾದ್ರೆ ಇನ್ಮೇಲೆ 'ಕ' ಒಂದರ ಮೇಲೇ ಕೆಲಸ ಮಾಡಿ. ಬೇರೆಯವನ್ನ ಬಿಟ್ಟುಬಿಡಿ," ಎಂದು ಸಲಹೆ ಕೊಟ್ಟರು. ಹಿಂದಿನ ಸಾಲಿನಲ್ಲಿ ಕೂತಿದ್ದ ನಾನು ಅದನ್ನೂ ಪುಸ್ತಕದಲ್ಲಿ ಬರೆದುಕೊಂಡೆ.

ಎರಡು ದಿನ ಬಿಟ್ಟು ಮೇಡಂ ನನ್ನನ್ನು ಕರೆದರು. "ವನಮಾಲಾ, ಫ್ರಿಜ್‌ನಲ್ಲಿ ಖ, ಗ, ಘ ಬೀಜದ ಕವರುಗಳಿವೆಯಲ್ಲ, ತೆಗೆದುಬಿಡಮ್ಮ. ಜಾಗ ಆಗುತ್ತೆ."

ಫ್ರಿಜ್ ಮುಂದೆ ಹೋಗಿ ನಿಂತೆ. ಮೂರು ಲಕೋಟೆಗಳನ್ನು ಕೈಗೆ ತೆಗೆದುಕೊಂಡೆ. ಹಗುರವಾಗಿದ್ದವು, ಅಲ್ಲಾಡಿಸಿದರೆ ಒಳಗೆ ಸಾಸಿವೆಗಿಂತ ಸಣ್ಣ ಬೀಜಗಳು ಸರಿದಾಡುವ ಸದ್ದು. ಬೊಲಿವಿಯಾದ, ಪೆರುವಿನ ಯಾವುದೋ ಬೆಟ್ಟದ ಗಿಡವೊಂದರಿಂದ ಹೊರಟು ಎಷ್ಟೋ ಜನರ ಕೈ ದಾಟಿ ಇಲ್ಲಿಯವರೆಗೆ ಬಂದ ಬೀಜಗಳು. ಹಸಿರಾಗಿ ಉಳಿದ ಗಿಡ ಇವುಗಳಲ್ಲೊಂದರ ಅಕ್ಕನೋ ತಂಗಿಯೋ ಆಗಿದ್ದರೆ? ಕಸದ ಬುಟ್ಟಿಯವರೆಗೆ ಹೋಗಿ ವಾಪಸು ಬಂದೆ. ಲಕೋಟೆಗಳನ್ನು ಹಿಡಿದುಕೊಂಡೇ ಮೇಡಂ ಕೋಣೆಗೆ ಹೋದೆ.

"ಮೇಡಂ, ಆ ಗಿಡ 'ಕ' ಅಂತ ನನಗೆ ಗೊತ್ತಿಲ್ಲ."

ಅವರು ತಲೆ ಎತ್ತಿದರು. "ಅಂದ್ರೆ?"

"ಲೇಬಲ್ ಅಳಿಸಿಹೋಗಿತ್ತು. ಮಾರ್ಕರ್‌ನಲ್ಲಿ ಬರೆದಿದ್ದೆ. ಹೊಸ ಮ್ಯಾಪೂ ಬರೀಲಿಲ್ಲ. ನೀವು ಫೋನಲ್ಲಿ ಕೇಳಿದಾಗ ಸುಮ್ನೆ ಹೇಳಿಬಿಟ್ಟೆ."

"ಯಾವಾಗ ಗೊತ್ತಾಯ್ತು ನಿನಗೆ?"

"ಮೊದಲನೇ ದಿನವೇ ಗೊತ್ತಿತ್ತು ಮೇಡಂ."

ಹೊರಗೆ ಮಲ್ಲಪ್ಪ ಪೈಪಿನಲ್ಲಿ ನೆಲ ತೊಳೆಯುವ ಸದ್ದು ಕೇಳುತ್ತಿತ್ತು. ಮೇಡಂ ಬಯ್ಯುತ್ತಾರೆಂದು ಕಾದೆ. ಬಯ್ದಿದ್ದರೆ ಹಗುರವಾಗುತ್ತಿತ್ತು. ಅವರು ಎದುರಿಗಿದ್ದ ಕಾಗದಗಳನ್ನು ಒಂದರ ಮೇಲೊಂದು ಇಟ್ಟು ಅಂಚು ಸರಿಮಾಡಿದರು.

"ಲೇಬಲ್ ಹೋಗಿದ್ದಕ್ಕೆ ನಂಗೆ ಬೇಜಾರಿಲ್ಲ," ಎಂದರು ಕೊನೆಗೆ. "ನನ್ನ ಕೈಯಲ್ಲೂ ಹೋಗಿವೆ. ನೀನು ನನಗೆ ಬೇಕಾಗಿದ್ದ ಉತ್ತರ ಕೊಟ್ಟೆ ನೋಡು, ಅದಕ್ಕೆ ಬೇಜಾರು. ಗಿಡ ಏನು ಹೇಳುತ್ತೆ ಅಂತ ಕೇಳೋಕ್ಕೆ ನಾವಿಲ್ಲಿ ಕೂತಿರೋದು. ನಾನು ಏನು ಕೇಳೋಕ್ಕೆ ಇಷ್ಟಪಡ್ತೀನಿ ಅಂತ ಅಲ್ಲ."

ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ, ಹೋಗು ಎಂದೂ ಹೇಳಲಿಲ್ಲ. ನನ್ನ ಕೈಯಿಂದ ಲಕೋಟೆಗಳನ್ನು ತೆಗೆದುಕೊಂಡು ತಮ್ಮ ಮೇಜಿನ ಖಾನೆಯಲ್ಲಿಟ್ಟರು. ಆಮೇಲೆ, "ಕಂಪ್ಯೂಟರ್ ಮುಂದೆ ಕೂತ್ಕೋ," ಎಂದು ಹೇಳಿ ಆ ಮೂವರಿಗೆ ಪತ್ರ ಬರೆಸಿದರು. ಉಳಿದ ಗಿಡದ ಮೂಲವನ್ನು ತಪ್ಪಾಗಿ ತಿಳಿಸಲಾಗಿದೆ, ಅದು ಯಾವ ಮನೆತನದ್ದೆಂದು ನಮಗೆ ಗೊತ್ತಿಲ್ಲ, ತಪ್ಪು ನಮ್ಮದು, ಪರೀಕ್ಷೆಯನ್ನು ಮತ್ತೆ ಮಾಡುತ್ತೇವೆ. ಇಷ್ಟೇ.

"ನನ್ನ ಹೆಸರು ಹಾಕಿ ಮೇಡಂ," ಎಂದೆ.

"ಹಾಕಲ್ಲ. ಪ್ರಾಜೆಕ್ಟ್ ನಂದು. ಆದ್ರೆ ಟೈಪ್ ಮಾಡೋದು ನೀನೇ. ಒಂದು ಅಕ್ಷರವೂ ತಪ್ಪಾಗಬಾರದು."

ರಿಜಿಸ್ಟರಿನಲ್ಲಿ ಆ ಗಿಡದ ಮುಂದೆ ನಾನು ಬರೆದಿದ್ದ 'ಕ ೧೭' ಎಂಬುದನ್ನು ಒಂದೇ ಗೆರೆಯಿಂದ ಹೊಡೆದು, ಹಳೆಯದು ಕಾಣುವ ಹಾಗೇ ಬಿಟ್ಟು, ಪಕ್ಕದಲ್ಲಿ 'ಮೂಲ ಗೊತ್ತಿಲ್ಲ' ಎಂದು ಬರೆದು ಸಹಿ ಮಾಡಿದರು.

ಸಂಜೆ ಮಲ್ಲಪ್ಪನವರ ಹತ್ತಿರ ಹೋದೆ. "ಮಲ್ಲಣ್ಣ, ಆವತ್ತು ನಿಮಗೆ ಸುಳ್ಳು ಹೇಳಿದೆ."

"ಗೊತ್ರೀ ಅಕ್ಕಾರ," ಎಂದರು ಅವರು ಪೈಪು ಸುತ್ತುತ್ತ. "ದೊಡ್ಡ ಮೇಡಂಗ ಹೇಳಿದ್ರೇನು?"

"ಹೇಳಿದೆ."

"ಹಂಗಾದ್ರ ಮುಗೀತು ಬಿಡ್ರಿ. ಮತ್ತ ಕುಂಡ ತುಂಬೂದು ಯಾವಾಗ?"

ನನ್ನ ಒಪ್ಪಂದ ಸೆಪ್ಟೆಂಬರ್ ಕೊನೆಗೆ ಮುಗಿಯುವುದಿತ್ತು. ಮುಗಿದ ಮೇಲೂ ಹೋದೆ. ಮೇಡಂ ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಲಕೋಟೆಗಳಲ್ಲಿ ಉಳಿದಿದ್ದ ಬೀಜದಿಂದ ಮತ್ತೆ ಇಪ್ಪತ್ತಿಪ್ಪತ್ತು ಸಸಿ ಎಬ್ಬಿಸಿದೆವು. ಆ ಉಳಿದ ಗಿಡವನ್ನು ತುಂಡು ಮಾಡಿ ನಳಿಗೆಗಳಲ್ಲೂ ಬೆಳೆಸಿಟ್ಟೆವು, ಒಂದು ಸತ್ತರೆ ಇನ್ನೊಂದಿರಲಿ ಎಂದು. ಈ ಸಲ ಕುಂಡಕ್ಕೆ ಎರಡೆರಡು ಪಟ್ಟಿ: ಒಂದು ಮೇಲೆ, ಒಂದು ಮಣ್ಣಿನೊಳಗೆ. ನಕ್ಷೆಯನ್ನು ಮೂರು ಕಡೆ ಬರೆದೆ. ಕುಂಡ ಸರಿಸಿದಾಗಲೆಲ್ಲ ಮಲ್ಲಪ್ಪ, "ಬರಕೊಂಡ್ರೇನ್ರಿ?" ಎಂದು ಕೇಳಿ, ನಾನು ಹೂಂ ಅಂದ ಮೇಲೆಯೇ ಮುಂದಿನದನ್ನು ಮುಟ್ಟುತ್ತಿದ್ದರು.

ಡಿಸೆಂಬರಿಗೆ ಚಳಿ ಬಂತು, ಆದರೆ ಮಳೆಯಿಲ್ಲ. ಅಂಗಮಾರಿಗೆ ತೇವ ಬೇಕು. ಗುಡಾರದ ಒಳಗೆ ಗಂಟೆಗೊಮ್ಮೆ ನೀರು ಚಿಮುಕಿಸಿ ನಾವೇ ಮಳೆಗಾಲ ಮಾಡಬೇಕಾಯಿತು. ಬೆಳಿಗ್ಗೆ ಆರಕ್ಕೆ ಮಲ್ಲಪ್ಪ, ಹಗಲು ನಾನು, ಸಂಜೆ ಮೇಡಂ. ಸೀರೆಯ ಸೆರಗು ಸಿಕ್ಕಿಸಿಕೊಂಡು, ಸ್ವೆಟರ್ ಒದ್ದೆ ಮಾಡಿಕೊಂಡು ಅವರು ಪಂಪು ಹಿಡಿದು ನಿಂತಿರುತ್ತಿದ್ದರು. ಅವರಿಗೆ ಆಗ ಉಳಿದಿದ್ದದ್ದು ಒಂದೂವರೆ ತಿಂಗಳು.

ರೋಗ ಸಿಂಪಡಿಸಿದ ಆರನೇ ದಿನ ಎಣಿಸಿದೆವು. ನಾನು ನಕ್ಷೆ ಓದುವುದು, ಮಲ್ಲಪ್ಪ ಮಣ್ಣಿನೊಳಗಿನ ಪಟ್ಟಿ ಎಳೆದು ತೋರಿಸುವುದು, ಮೇಡಂ ಬರೆದುಕೊಳ್ಳುವುದು. 'ಕ' ಇಪ್ಪತ್ತಕ್ಕೆ ಇಪ್ಪತ್ತೂ ಹೋಗಿದ್ದವು. ಖ, ಗ ಕೂಡ. ಹಸಿರಾಗಿ ನಿಂತಿದ್ದವು ಮೂರು. ಮೂರೂ 'ಘ'.

ಮೇಡಂ ಕೊನೆಯ ಕಾಲಂ ತುಂಬಿ ಮುಗಿಸಿದರು. ನಾನು ಅವರ ಮುಖ ನೋಡಲಾರದೆ ಕುಂಡಗಳನ್ನು ನೋಡುತ್ತಿದ್ದೆ. ಇಪ್ಪತ್ತು ವರ್ಷದ 'ಕ'ದಲ್ಲಿ ಆ ಗುಣ ಯಾವ ತಲೆಮಾರಿನಲ್ಲಿ ಜಾರಿಹೋಯಿತೋ ಯಾರಿಗೂ ಗೊತ್ತಿಲ್ಲ. ನಾನು ನಿಜ ಹೇಳದೇ ಇದ್ದಿದ್ದರೆ ಅವರ ನಂತರ ಬರುವವರು ನನ್ನ ಸುಳ್ಳು ನಂಬಿ ಇನ್ನೂ ಇಪ್ಪತ್ತು ವರ್ಷ ಅಲ್ಲೇ ಅಗೆಯುತ್ತಿದ್ದರು. 'ಘ' ಬೀಜ ಕಸದಲ್ಲಿರುತ್ತಿತ್ತು.

"ಹಾಗಾದ್ರೆ ಆ ಹಳೇ ಗಿಡಾನೂ 'ಘ'ನೇ ಇರಬೇಕು ಅಲ್ವಾ ಮೇಡಂ? ರಿಜಿಸ್ಟರ್‌ನಲ್ಲಿ ಬರೀಲಾ?" ಎಂದೆ.

"ಇರಬಹುದು," ಎಂದರು ಮೇಡಂ. "ಇರಬಹುದು ಅಂತಲೇ ಬರಿ."

ಆ ಮೂವರು ಹಿರಿಯರಿಂದ ಅಷ್ಟರಲ್ಲೇ ಎರಡು ಸಾಲಿನ ಉತ್ತರ ಬಂದಿತ್ತು. ಪ್ರಾಜೆಕ್ಟನ್ನು ಮುಂದುವರಿಸಲಾಗುವುದಿಲ್ಲ ಎಂದು. ಸಂಕ್ರಾಂತಿ ಕಳೆದ ವಾರ ಆ ಹಳೇ ಗಿಡದ್ದೂ ಈ ಮೂರರದ್ದೂ ಸೇರಿ ನಾಲ್ಕೂ ಕುಂಡಗಳನ್ನು ಬೋರಲು ಹಾಕಿ ಗಡ್ಡೆ ಆರಿಸಿದೆವು. ನಿಂಬೆಹಣ್ಣಿನ ಗಾತ್ರದವು, ಒಂದೆರಡು ಅದಕ್ಕಿಂತ ದೊಡ್ಡವು. ಎಲ್ಲವನ್ನೂ ಎಣಿಸಿ, ಬಟ್ಟೆ ಚೀಲಗಳಿಗೆ ಹಾಕಿ, ನಳಿಗೆಗಳ ಜೊತೆ ಬೆಟ್ಟದ ಮೇಲಿನ ದೊಡ್ಡ ಕೇಂದ್ರಕ್ಕೆ ಕಳಿಸಲು ಕಟ್ಟಿದೆವು. ಮಲ್ಲಪ್ಪ ಒಂದು ಗಡ್ಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದರು.

"ಮೇಡಂ, ಇದೊಂದ ನಮ್ಮ ಅಣ್ಣಗ ಕೊಡ್ಲೇನ್ರಿ? ಹೊಲದಾಗ ಹಚ್ಚಿ ನೋಡ್ತಾನ."

"ಕೊಡಕ್ಕಾಗಲ್ಲ ಮಲ್ಲಪ್ಪ. ಇದಿನ್ನೂ ಕಹಿ ಇದೆಯೋ ಏನೋ, ಪರೀಕ್ಷೆ ಆಗಿಲ್ಲ. ಮಕ್ಕಳು ತಿಂದು ಏನಾದ್ರೂ ಆದ್ರೆ? ನಿಮ್ಮ ಅಣ್ಣನ ಹೊಲಕ್ಕೆ ಬರುವಾಗ ಪೂರ್ತಿ ಆಲೂಗಡ್ಡೆಯಾಗಿ ಬರಬೇಕು."

ಮಲ್ಲಪ್ಪ ಗಡ್ಡೆಯ ಮೇಲಿನ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿ ಚೀಲಕ್ಕೆ ಹಾಕಿದರು. ಆ ತಿಂಗಳ ಕೊನೆಗೆ ಮೇಡಂ ನಿವೃತ್ತರಾದರು. ಮಾರ್ಚಿಗೆ ಆಲೂಗಡ್ಡೆ ವಿಭಾಗ ಮುಚ್ಚಿತು. ನಾನು ಬಿ.ಎಡ್. ಮಾಡಿ ವಿಜಯನಗರದ ಪಿ.ಯು. ಕಾಲೇಜಿಗೆ ಸೇರಿದೆ. ಮಲ್ಲಪ್ಪ ಸುಂಕದಕಟ್ಟೆಯ ಮನೆ ಖಾಲಿ ಮಾಡಿ, ಅಣ್ಣನ ಜೊತೆ ಹೊಲ ನೋಡಿಕೊಳ್ಳಲು ಊರಿಗೆ ಹೋದರು. ಮೇಡಂ ಈಗ ಕೆಂಗೇರಿ ಉಪನಗರದಲ್ಲಿದ್ದಾರೆ, ಮಂಡಿ ನೋವು. ಬೆಟ್ಟದ ಕೇಂದ್ರದವರು ಅವರಿಗೆ ವರ್ಷಕ್ಕೊಮ್ಮೆ ಸುದ್ದಿ ಕಳಿಸುತ್ತಾರೆ, ಅವರು ನನಗೆ ಓದಿ ಹೇಳುತ್ತಾರೆ. ಆ ಗಿಡಗಳ ಮೊಮ್ಮಕ್ಕಳು ಈಗ ಎರಡು ಊರುಗಳ ಪರೀಕ್ಷಾ ತಾಕುಗಳಲ್ಲಿವೆ. ಒಂದು ಕಡೆ ರೋಗ ತಡೆದು ಚೆನ್ನಾಗಿ ಬಂದಿವೆ. ಇನ್ನೊಂದು ಕಡೆ ರೋಗವೇನೋ ಹತ್ತಿಲ್ಲ, ಗಡ್ಡೆ ಸಣ್ಣದಾಗಿದೆ. ಇನ್ನೂ ಅವುಗಳಿಗೆ ಹೆಸರಿಲ್ಲ, ನಂಬರಷ್ಟೇ.

ಪ್ರತಿ ವರ್ಷ ಆಗಸ್ಟ್‌ನಲ್ಲಿ, ಊರಲ್ಲಿ ಮೋಡ ಮುಚ್ಚಿ ನಾಲ್ಕು ದಿನ ಎಲೆ ಒಣಗದಿದ್ದಾಗ, ಮಲ್ಲಪ್ಪನವರ ಫೋನ್ ಬರುತ್ತದೆ. 'ಕಾಡು ಬಟಾಟಿ ಬಂದಾವೇನ್ರೀ ಅಕ್ಕಾರ?' ಎಂಬುದೊಂದೇ ಪ್ರಶ್ನೆ. ಮುಂದಿನ ವರ್ಷ ಬರಬಹುದು ಎಂದರೆ ಅವರಿಗೆ ಸಂತೋಷವಾಗುತ್ತದೆಂದು ನನಗೆ ಗೊತ್ತು. ಈ ವರ್ಷವೂ ಕೇಳಿದರು. ಎರಡು ಊರಿನ ತಾಕುಗಳ ಸುದ್ದಿಯನ್ನು ಇದ್ದ ಹಾಗೇ ಹೇಳಿ, "ಯಾವಾಗ ಬರುತ್ತೋ ಗೊತ್ತಿಲ್ಲ ಮಲ್ಲಣ್ಣ," ಎಂದೆ.

"ಗೊತ್ತಿಲ್ಲಂದ್ರ ಗೊತ್ತಿಲ್ರೀ," ಎಂದರು ಅವರು. ಹಿಂದೆ ಅವರ ಅಣ್ಣ ಪಂಪು ಹೊಡೆಯುವ ಸದ್ದು ಕೇಳುತ್ತಿತ್ತು. "ಬರೂ ವರ್ಷ ಮತ್ತ ಕೇಳ್ತೀನಿ."